ಗೇಮಿಂಗ್ ಕಂಪ್ಯೂಟರ್: ಬಿಡಿಭಾಗಗಳ ಆಯ್ಕೆ ಮತ್ತು ಬದಲಾವಣೆ ಕುರಿತು ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಇರುವ ಕಂಪ್ಯೂಟರನ್ನೇ ಹೊಸ ಆಟಗಳಿಗೆ ಸಜ್ಜುಗೊಳಿಸಬೇಕೆಂದಿರುವವರು ಮತ್ತು ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಜೋಡಿಸಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೆಲೆಗಳು ವಾರದಿಂದ ವಾರಕ್ಕೆ ಏರಿಳಿಯುವುದರಿಂದ ರೂಪಾಯಿ ಲೆಕ್ಕವನ್ನು ಬಿಟ್ಟು, ಯಾವುದನ್ನು ಏಕೆ ಕೊಳ್ಳಬೇಕು, ಯಾವುದನ್ನು ಏಕೆ ಬಿಡಬೇಕು ಎಂಬುದಕ್ಕೆ ಒತ್ತು ಕೊಡಲಾಗಿದೆ.

ಆಟ ಆಡುವಾಗ ಕಂಪ್ಯೂಟರ್ ತಡವರಿಸುತ್ತದೆ. ಮೊದಲು ಯಾವ ಭಾಗವನ್ನು ಬದಲಿಸಬೇಕು?

ಯಾವುದನ್ನೂ ಕೊಳ್ಳುವ ಮೊದಲು, ವೇಗವನ್ನು ತಡೆಹಿಡಿದಿರುವ ಭಾಗ ಯಾವುದೆಂದು ಅಳೆದು ನೋಡಬೇಕು. ಅಂಗಡಿಯಲ್ಲಿ ಕೇಳಿದರೆ ‘ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಸಾರ್’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಅನೇಕ ಸಂದರ್ಭಗಳಲ್ಲಿ ಅದು ಸರಿಯೂ ಆಗಿರುತ್ತದೆ. ಆದರೆ ಸರಿಯಲ್ಲದ ಸಂದರ್ಭದಲ್ಲಿ ವ್ಯರ್ಥವಾಗುವ ಹಣ ಸಣ್ಣದಲ್ಲ.

ಅಳೆಯುವ ಕ್ರಮ ಕಷ್ಟದ್ದೇನಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವು, ಯಾವ ಕಂಪನಿಯ ಕಾರ್ಡ್ ಇದ್ದರೂ, ಆಟ ನಡೆಯುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಫ್ರೇಮ್ ಸಂಖ್ಯೆ (ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತವೆಂಬುದು), ಕಾರ್ಡಿನ ಬಳಕೆ, ಪ್ರೊಸೆಸರಿನ ಬಳಕೆ ಮತ್ತು ತಾಪಮಾನಗಳನ್ನು ತೋರಿಸುತ್ತದೆ. ಆಟದಲ್ಲಿರುವ ಫ್ರೇಮ್ ಮಿತಿ ಮತ್ತು ವಿ-ಸಿಂಕ್ (ಫ್ರೇಮ್ ಸಂಖ್ಯೆಯನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಎರಡನ್ನೂ ಆಫ್ ಮಾಡಿ, ನೀವು ಹೆಚ್ಚಾಗಿ ಆಡುವ ಆಟವನ್ನೇ ಅರ್ಧ ಗಂಟೆ ಆಡಿ ನೋಡಿ. ಕಾರ್ಡಿನ ಬಳಕೆ ಶೇಕಡ 95ರ ಮೇಲೆಯೇ ನಿಂತಿದ್ದರೆ ತಡೆ ಕಾರ್ಡಿನದು. ಅದು 60–70ರಲ್ಲಿ ಓಲಾಡುತ್ತಿದ್ದು ಫ್ರೇಮ್ ಸಂಖ್ಯೆಯೂ ಕಡಿಮೆಯಿದ್ದರೆ, ಪ್ರೊಸೆಸರ್ ಅಥವಾ ರ‍್ಯಾಮ್ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದಷ್ಟು ಕೆಲಸವನ್ನು ಸಕಾಲಕ್ಕೆ ಒದಗಿಸುತ್ತಿಲ್ಲ ಎಂದರ್ಥ. ಪ್ರೊಸೆಸರಿನ ಒಟ್ಟು ಬಳಕೆ ಶೇಕಡ 40 ಮಾತ್ರ ಎಂದು ಕಂಡರೂ ಅದನ್ನು ನಂಬಿ ಕೂರಬಾರದು. ಬಹಳಷ್ಟು ಆಟಗಳಲ್ಲಿ ಮುಖ್ಯ ಕೆಲಸವೆಲ್ಲ ಪ್ರೊಸೆಸರಿನೊಳಗಿನ ಬಿಡಿ ಘಟಕಗಳಾದ ಒಂದೆರಡು ಕೋರ್‌ಗಳ ಮೇಲೆ ಬೀಳುವುದರಿಂದ, ಆ ಕೋರ್‌ಗಳು ಪೂರ್ತಿ ತುಂಬಿ ಉಳಿದವು ಖಾಲಿ ಇದ್ದಾಗಲೂ ಸರಾಸರಿ ಕಡಿಮೆಯಾಗಿಯೇ ಕಾಣುತ್ತದೆ. ಇನ್ನೂ ಅನುಮಾನವಿದ್ದರೆ ರೆಸಲ್ಯೂಶನ್ ಇಳಿಸಿ ನೋಡಿ: ಫ್ರೇಮ್ ಸಂಖ್ಯೆ ಏರಿದರೆ ತಡೆ ಕಾರ್ಡಿನಲ್ಲಿದೆ, ಅಲುಗಾಡದೆ ಅಲ್ಲೇ ನಿಂತರೆ ಪ್ರೊಸೆಸರಿನ ಕಡೆಗಿದೆ.

ಇದರ ಜೊತೆಗೆ ದುಡ್ಡು ಬೇಡದ ಮೂರು ತಪಾಸಣೆಗಳಿವೆ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗೆ ಚುಚ್ಚದೆ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಲಾಗಿದೆಯೇ? ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ 60ಕ್ಕೇ ನಿಂತಿದೆಯೇ? ರ‍್ಯಾಮ್ ಒಂದೇ ಕಡ್ಡಿಯಲ್ಲಿದೆಯೇ? ಮೂರನೆಯದಕ್ಕೆ ಮುಂದೆ ಪ್ರತ್ಯೇಕ ಉತ್ತರವಿದೆ. ಮೊದಲೆರಡನ್ನು ಸರಿಪಡಿಸಿಕೊಂಡು ಹೊಸ ಭಾಗದ ಆಲೋಚನೆಯನ್ನೇ ಕೈಬಿಟ್ಟವರು ಕಡಿಮೆಯೇನಿಲ್ಲ.

ಭಾಗಗಳ ಆಯ್ಕೆಗೂ ಮಾನಿಟರಿಗೂ ಏನು ಸಂಬಂಧ?

ಎಷ್ಟು ಶಕ್ತಿ ಬೇಕೆಂಬುದನ್ನು ನಿರ್ಧರಿಸುವುದೇ ಮಾನಿಟರ್. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿದ್ದರೆ, 1440ಪಿ ಪರದೆಯಲ್ಲಿ ಸುಮಾರು 37 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಇರುತ್ತವೆ. ಗ್ರಾಫಿಕ್ಸ್ ಕಾರ್ಡಿನ ಹೊರೆ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಏರುತ್ತದೆ. ಹರ್ಟ್ಸ್ ಸಂಖ್ಯೆ ಏರಿದಂತೆ ಪ್ರೊಸೆಸರಿನ ಹೊರೆಯೂ ಏರುತ್ತದೆ, ಏಕೆಂದರೆ 60 ಹರ್ಟ್ಸ್‌ನಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ಸಮಯವಿದ್ದರೆ 144 ಹರ್ಟ್ಸ್‌ನಲ್ಲಿ 7 ಮಿಲಿಸೆಕೆಂಡೂ ಸಿಗುವುದಿಲ್ಲ. ಹೀಗಾಗಿ ಕೌಂಟರ್-ಸ್ಟ್ರೈಕ್ 2 ಅಥವಾ ವ್ಯಾಲರಂಟ್ ಮಾತ್ರ ಆಡುವವರು ಪ್ರೊಸೆಸರಿಗೂ ಹೆಚ್ಚು ಹರ್ಟ್ಸ್ ಇರುವ 1080ಪಿ ಪರದೆಗೂ, ದೃಶ್ಯವೈಭವವಿರುವ ಕಥಾಪ್ರಧಾನ ಆಟಗಳನ್ನು ಆಡುವವರು ಗ್ರಾಫಿಕ್ಸ್ ಕಾರ್ಡಿಗೂ ಹಣ ಹಾಕುವುದು ಸೂಕ್ತ. 60 ಹರ್ಟ್ಸ್‌ನ ಹಳೆಯ ಪರದೆಯನ್ನು ಹಾಗೆಯೇ ಇಟ್ಟುಕೊಂಡು ದುಬಾರಿ ಕಾರ್ಡ್ ಕೊಂಡವರಿಗೆ ಅದರ ಅರ್ಧ ಪ್ರಯೋಜನವೂ ಕಣ್ಣಿಗೆ ಕಾಣುವುದಿಲ್ಲ.

8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಈಗಲೂ ಸಾಕೇ?

1080ಪಿ ಪರದೆಯಲ್ಲಿ, ಟೆಕ್ಸ್ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಒಂದು ಹಂತ ಇಳಿಸಲು ಒಪ್ಪುವವರಿಗೆ ಸಾಕು. ಮೂರು ನಾಲ್ಕು ವರ್ಷ ಬಾಳಬೇಕೆಂದು ಹೊಸ ಕಾರ್ಡ್ ಕೊಳ್ಳುವವರಿಗೆ ನಮ್ಮ ಸಲಹೆ 12 ಅಥವಾ 16 ಜಿಬಿ. ಕಾರ್ಡಿನ ಮೆಮೊರಿ ತುಂಬಿದಾಗ ಆಟ ಒಟ್ಟಾರೆಯಾಗಿ ನಿಧಾನವಾಗುವುದಕ್ಕಿಂತ ಹೆಚ್ಚಾಗಿ, ಚೆನ್ನಾಗಿ ಓಡುತ್ತಿದ್ದದ್ದು ಏಕಾಏಕಿ ಒಂದು ಕ್ಷಣ ನಿಂತು ಮುಂದುವರಿಯುತ್ತದೆ. ಸರಾಸರಿ ಫ್ರೇಮ್ ಸಂಖ್ಯೆಯನ್ನಷ್ಟೇ ತೋರಿಸುವ ಕೋಷ್ಟಕಗಳಲ್ಲಿ ಈ ದೋಷ ಕಾಣದೆ ಹೋಗುತ್ತದೆ.

2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿ ಎಂಬ ಎರಡು ರೂಪಗಳಲ್ಲಿ, ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಡಬ್ಬದ ಮೇಲಿನ ದೊಡ್ಡ ಅಕ್ಷರಗಳನ್ನಷ್ಟೇ ಓದಿದರೆ ಯಾವುದು ಕೈಗೆ ಬಂತೆಂದು ತಿಳಿಯುವುದಿಲ್ಲವಾದ್ದರಿಂದ, ಬಿಲ್ಲಿನಲ್ಲಿ ಜಿಬಿ ಸಂಖ್ಯೆಯನ್ನು ಬರೆಸಿಕೊಳ್ಳಿ. 12 ಜಿಬಿ ಇರುವ ಇಂಟೆಲ್ ಆರ್ಕ್ ಬಿ580 ಕಾರ್ಡ್ ಕೊಡುವ ಹಣಕ್ಕೆ ಒಳ್ಳೆಯ ಸರಕೇ ಸರಿ, ಆದರೆ ಅದಕ್ಕೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ತಲುಪುವ) ಸೌಲಭ್ಯ ಇರಲೇಬೇಕು. ಹಳೆಯ ಪ್ರೊಸೆಸರುಗಳೊಂದಿಗೆ ಅದು ತನ್ನ ಪೂರ್ಣ ವೇಗವನ್ನು ತೋರುವುದಿಲ್ಲ. ಹಳೆಯ ಕಂಪ್ಯೂಟರಿಗೆ ಕಾರ್ಡ್ ಹುಡುಕುತ್ತಿರುವವರು ಇದನ್ನು ಪಟ್ಟಿಯಿಂದ ಹೊರಗಿಡುವುದು ಕ್ಷೇಮ.

ಜಿಟಿಎಕ್ಸ್ 1060, 1070ರಂತಹ ಹಳೆಯ ಕಾರ್ಡ್ ಇದೆ. ಇನ್ನೂ ಇಟ್ಟುಕೊಳ್ಳಬಹುದೇ?

ಆಡುವ ಆಟಗಳು ಹಳೆಯವಾಗಿದ್ದರೆ ಇಟ್ಟುಕೊಳ್ಳಬಹುದು. 900 ಮತ್ತು 1000 ಸರಣಿಯ ಜಿಟಿಎಕ್ಸ್ ಕಾರ್ಡುಗಳಿಗೆ ಹೊಸ ಆಟಗಳಿಗಾಗಿ ಹೊರಡಿಸುತ್ತಿದ್ದ ಡ್ರೈವರ್‌ಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದ್ದು, ಅಲ್ಲಿಂದ ಮುಂದೆ 2028ರವರೆಗೆ ಭದ್ರತಾ ಪರಿಷ್ಕರಣೆಗಳು ಮಾತ್ರ ಬರುತ್ತವೆ. ಇದಲ್ಲದೆ, ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್, ಡೂಮ್: ದ ಡಾರ್ಕ್ ಏಜಸ್‌ನಂತಹ ಆಟಗಳು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಚಲನೆಯನ್ನು ಲೆಕ್ಕಹಾಕಿ ದೃಶ್ಯ ಮೂಡಿಸುವ) ಸೌಲಭ್ಯವಿಲ್ಲದ ಕಾರ್ಡುಗಳನ್ನು ಒಪ್ಪುವುದೇ ಇಲ್ಲ. ಸೆಟ್ಟಿಂಗ್ ಇಳಿಸಿ ಹೇಗೋ ಆಡೋಣವೆಂಬ ಉಪಾಯ ಅಲ್ಲಿ ನಡೆಯುವುದಿಲ್ಲ.

ಹೊಸ ಕಾರ್ಡ್ ನನ್ನ ಹಳೆಯ ಮದರ್‌ಬೋರ್ಡಿಗೆ ಹೊಂದಿಕೊಳ್ಳುತ್ತದೆಯೇ?

ಕೂರುತ್ತದೆ, ಕಾರ್ಡ್ ಚುಚ್ಚುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಲೆಮಾರಿನಿಂದ ತಲೆಮಾರಿಗೆ ಹೊಂದಿಕೊಂಡೇ ಬಂದಿದೆ. ನೋಡಬೇಕಾದದ್ದು ದತ್ತಾಂಶ ಹರಿಯುವ ದಾರಿಗಳಾದ ಲೇನ್‌ಗಳ ಸಂಖ್ಯೆಯನ್ನು. ಆರ್‌ಟಿಎಕ್ಸ್ 4060, 5060ರಂತಹ ಕಾರ್ಡುಗಳು 16ರ ಬದಲು 8 ಲೇನ್‌ಗಳನ್ನು, ಆರ್‌ಎಕ್ಸ್ 6500 ಎಕ್ಸ್‌ಟಿ ಕೇವಲ 4 ಲೇನ್‌ಗಳನ್ನು ಬಳಸುತ್ತವೆ. ಮೂರನೆಯ ತಲೆಮಾರಿನ ಸ್ಲಾಟ್ ಇರುವ ಬೋರ್ಡಿನಲ್ಲಿ 8 ಲೇನ್‌ಗಳ ಕಾರ್ಡಿಗೆ ಸಾಮಾನ್ಯವಾಗಿ ಸಣ್ಣ ನಷ್ಟವಾದರೆ, 4 ಲೇನ್‌ಗಳ ಕಾರ್ಡಿಗೆ ದೊಡ್ಡ ನಷ್ಟವೇ ಆಗುತ್ತದೆ. ಇನ್ನು ಕ್ಯಾಬಿನೆಟ್ಟಿನೊಳಗಿನ ಉದ್ದವನ್ನು ಅಳತೆಪಟ್ಟಿ ಹಿಡಿದು ಅಳೆಯಿರಿ. ಮೂರು ಫ್ಯಾನಿನ ಕಾರ್ಡುಗಳು 30 ಸೆಂಟಿಮೀಟರಿಗೂ ಮೀರುವುದುಂಟು.

ಪ್ರೊಸೆಸರ್ ಬದಲಿಸಬೇಕಾದರೆ ಬೋರ್ಡ್ ಮತ್ತು ರ‍್ಯಾಮ್ ಎರಡನ್ನೂ ಬದಲಿಸಲೇಬೇಕೇ?

ಅದು ನಿಮ್ಮ ಬಳಿ ಇರುವ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಯಾವುದೆಂಬುದನ್ನು ಅವಲಂಬಿಸಿದೆ. ಈ ಪ್ರಶ್ನೆಗೆ ಸಿಗುವ ಉತ್ತರವೇ ಒಟ್ಟು ಖರ್ಚಿನ ಬಹುಪಾಲನ್ನು ತೀರ್ಮಾನಿಸುವುದರಿಂದ ಸ್ವಲ್ಪ ವಿವರವಾಗಿ ನೋಡಬೇಕು.

ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇರುವವರು ಅದೃಷ್ಟವಂತರು. ರೈಜನ್ 1000 ಅಥವಾ 2000 ಸರಣಿಯ ಕಾಲದಲ್ಲಿ ಕೊಂಡ ಬೋರ್ಡುಗಳಲ್ಲಿ ಬಹುತೇಕವು ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಪರಿಷ್ಕರಿಸಿದ ನಂತರ ರೈಜನ್ 5 5600ನ್ನು, ಸಿಕ್ಕರೆ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿಯನ್ನು ಒಪ್ಪಿಕೊಳ್ಳುತ್ತವೆ. ಹೆಸರಿನ ಕೊನೆಯಲ್ಲಿ 3ಡಿ ಇರುವ ಈ ಪ್ರೊಸೆಸರುಗಳಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಸಣ್ಣ ಮೆಮೊರಿ) 96 ಎಂಬಿಯಷ್ಟಿದ್ದು, ಆಟಗಳಿಗೆ ಮೇಲಿಂದ ಮೇಲೆ ಬೇಕಾಗುವ ದತ್ತಾಂಶ ರ‍್ಯಾಮಿನವರೆಗೆ ಹೋಗದೆ ಅಲ್ಲಿಯೇ ದೊರೆಯುವುದರಿಂದ ಫ್ರೇಮ್‌ಗಳು ಹೆಚ್ಚು ಸಮವಾಗಿ ಬರುತ್ತವೆ. ಹೆಸರು ಹತ್ತಿರವಿದೆಯೆಂದು 5500ನ್ನು 5600ಕ್ಕೆ ಸಮವೆಂದು ತಿಳಿಯಬೇಡಿ. 5500ರಲ್ಲಿ ಕ್ಯಾಶ್ ಅರ್ಧದಷ್ಟಿದೆ ಮತ್ತು ಅದು ಮೂರನೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ಗಷ್ಟೇ ಸೀಮಿತ. ಬಯೋಸ್ ಪರಿಷ್ಕರಣೆಯನ್ನು ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ ಮುಗಿಸಬೇಕು, ಅದನ್ನೂ ಯುಪಿಎಸ್ ಮೇಲೆ ಮಾಡಬೇಕು: ಪರಿಷ್ಕರಣೆಯ ನಡುವೆ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದಿರಬಹುದು. ಎಎಂ4 ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಒಣಗಿದ ಥರ್ಮಲ್ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರ್ ಕೂಲರಿನ ಜೊತೆಯಲ್ಲೇ ಕಿತ್ತುಬರುವ ಅಪಾಯವಿರುವುದರಿಂದ, ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆರಿಸಿದ ಮೇಲೆ ಕೂಲರನ್ನು ಮೆಲ್ಲಗೆ ತಿರುಗಿಸಿ ಬಿಡಿಸಿ.

ಇಂಟೆಲ್‌ನ ಎಲ್‌ಜಿಎ 1700 ಬೋರ್ಡಿನಲ್ಲಿ 12, 13 ಮತ್ತು 14ನೆಯ ತಲೆಮಾರಿನ ಪ್ರೊಸೆಸರುಗಳು ಕೂರುತ್ತವೆ. ಅಲ್ಲಿಗೆ ಆ ದಾರಿ ಮುಗಿಯಿತು. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಎಂಬ ಬೇರೆಯೇ ಸಾಕೆಟ್ ಬೇಕು. 10ನೆಯ ತಲೆಮಾರಿಗಿಂತ ಹಳೆಯದಿದ್ದವರು ಬೋರ್ಡ್ ಸಮೇತ ಬದಲಿಸುವುದೇ ಲೇಸು.

ಪೂರ್ತಿ ಹೊಸದಾಗಿ ಕಟ್ಟುವವರಿಗೆ ನಮ್ಮ ಮೊದಲ ಆಯ್ಕೆ ಎಎಂ5. 2022ರಲ್ಲಿ ಬಂದ ಈ ಸಾಕೆಟ್ಟಿಗೆ 2027ರವರೆಗೆ ಮತ್ತು ಅದರಾಚೆಗೂ ಬೆಂಬಲವಿರುತ್ತದೆಂದು ಎಎಂಡಿ ಹೇಳಿದೆ. ಎಎಂ4 ವಿಷಯದಲ್ಲಿ ಆ ಕಂಪನಿ ಕೊಟ್ಟ ಮಾತನ್ನು ಉಳಿಸಿಕೊಂಡದ್ದೂ ಉಂಟು. ತೊಡಕು ಒಂದೇ: ಎಎಂ5ಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮೇ ಆಗಬೇಕು.

ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಪ್ರೊಸೆಸರುಗಳು ಕೆಡುತ್ತವೆ ಎನ್ನುತ್ತಾರಲ್ಲ?

ಆ ತಲೆಮಾರಿನ ಹೆಚ್ಚು ಶಕ್ತಿಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳಿ ಪಡೆದು ಕಾಲಕ್ರಮೇಣ ಅಸ್ಥಿರವಾಗುತ್ತಿದ್ದುದು ನಿಜ. ಇಂಟೆಲ್ 2024ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಮೈಕ್ರೊಕೋಡ್ (ಪ್ರೊಸೆಸರಿನ ಒಳಸೂಚನೆಗಳ) ಪರಿಷ್ಕರಣೆಗಳನ್ನು ಹೊರಡಿಸಿ, ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಹೊಸದನ್ನು ಕೊಂಡು ಬಯೋಸ್ ಪರಿಷ್ಕರಿಸಿಕೊಂಡರೆ ಆತಂಕವಿಲ್ಲ. ಆದರೆ ಈ ಪರಿಷ್ಕರಣೆ ಆಗಲೇ ಹಾಳಾದ ಪ್ರೊಸೆಸರನ್ನು ಸರಿಮಾಡುವುದಿಲ್ಲವಾದ್ದರಿಂದ, ಸೆಕೆಂಡ್ ಹ್ಯಾಂಡ್ ಐ7 ಮತ್ತು ಐ9ಗಳನ್ನು ಬಿಲ್ಲು ಮತ್ತು ಉಳಿದ ವಾರಂಟಿ ಇಲ್ಲದೆ ಕೊಳ್ಳಬಾರದು.

ರ‍್ಯಾಮ್ ಎಷ್ಟು ಬೇಕು? ಈಗ ಕೊಳ್ಳುವುದೋ, ಕಾಯುವುದೋ?

ಆಟಗಳಿಗೆ 16 ಜಿಬಿ ಕನಿಷ್ಠ, 32 ಜಿಬಿ ನಿರಾಳ. ಒಟ್ಟು ಪ್ರಮಾಣದಷ್ಟೇ ಮುಖ್ಯವಾದದ್ದು ಅದು ಎರಡು ಕಡ್ಡಿಗಳಲ್ಲಿ ಹಂಚಿಕೊಂಡಿರುವುದು. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿಗಳು ಡ್ಯುಯಲ್ ಚಾನೆಲ್‌ನಲ್ಲಿ ಕೆಲಸ ಮಾಡಿ, ದತ್ತಾಂಶ ಹರಿಯಲು ದುಪ್ಪಟ್ಟು ಬ್ಯಾಂಡ್‌ವಿಡ್ತ್ ಕೊಡುತ್ತವೆ. ನಾಲ್ಕು ಸ್ಲಾಟ್‌ಗಳಿರುವ ಬೋರ್ಡಿನಲ್ಲಿ ಅವನ್ನು ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಕೂರಿಸಬೇಕು. ಹಾಕಿದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಪ್ರೊಫೈಲನ್ನು ಆನ್ ಮಾಡದಿದ್ದರೆ ಡಬ್ಬದ ಮೇಲೆ ಬರೆದ ವೇಗ ಸಿಗುವುದೇ ಇಲ್ಲ. ಡಿಡಿಆರ್4ರಲ್ಲಿ 3200, ರೈಜನ್ ಜೊತೆಗಿನ ಡಿಡಿಆರ್5ರಲ್ಲಿ 6000 ವೇಗ ಸಾಕು. ಅದರ ಮೇಲೆ ಕೊಡುವ ಹಣಕ್ಕೆ ಸಿಗುವ ಫಲ ತೀರ ಅಲ್ಪ.

ಬೆಲೆಯ ವಿಷಯ ಬೇರೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪುಗಳು ಹರಿದುಹೋಗುತ್ತಿರುವ ಕಾರಣ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಕಡಿದಾಗಿ ಏರಿತು. ಮೈಕ್ರಾನ್ ಕಂಪನಿಯಂತೂ ಕ್ರೂಶಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ನಡೆಸುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು. ಆದ್ದರಿಂದ ಡಿಡಿಆರ್4 ರ‍್ಯಾಮ್ ಮತ್ತು ಎಎಂ4 ಅಥವಾ ಎಲ್‌ಜಿಎ 1700 ಬೋರ್ಡ್ ಈಗಾಗಲೇ ಇರುವವರು, ಇಡೀ ವ್ಯವಸ್ಥೆಯನ್ನು ಎಎಂ5ಕ್ಕೆ ಒಯ್ಯುವ ಬದಲು ಅದೇ ಬೋರ್ಡಿಗೆ ಮೇಲಿನ ಪ್ರೊಸೆಸರನ್ನು ಹಾಕಿಕೊಂಡು ಇನ್ನೆರಡು ವರ್ಷ ನಡೆಸುವುದು ಜಾಣತನ. ಹೊಸದಾಗಿ ಕಟ್ಟುವವರು ಕ್ಯಾಬಿನೆಟ್ಟಿನ ಅಂದಚಂದದಲ್ಲಿ ಉಳಿಸಿ ರ‍್ಯಾಮಿಗೆ ಹಾಕಲಿ; ಬಣ್ಣದ ದೀಪಗಳಿಂದ ಫ್ರೇಮ್ ಹೆಚ್ಚುವುದಿಲ್ಲ.

ಎಸ್‌ಎಸ್‌ಡಿ ಹಾಕಿದರೆ ಫ್ರೇಮ್ ಸಂಖ್ಯೆ ಹೆಚ್ಚುತ್ತದೆಯೇ?

ಹೆಚ್ಚುವುದಿಲ್ಲ; ಆಟ ತೆರೆದುಕೊಳ್ಳುವ ಸಮಯ ಇಳಿಯುತ್ತದೆ, ವಿಶಾಲವಾದ ನಕ್ಷೆಗಳಲ್ಲಿ ಓಡಾಡುವಾಗ ಬರುವ ತಡವರಿಕೆ ಕಡಿಮೆಯಾಗುತ್ತದೆ. ಹಾರ್ಡ್ ಡಿಸ್ಕಿನಿಂದ ಸೆಕೆಂಡಿಗೆ ಸುಮಾರು 550 ಎಂಬಿ ಓದುವ ಸಾಟಾ ಎಸ್‌ಎಸ್‌ಡಿಗೆ ಬಂದರೆ ಆಗುವ ವ್ಯತ್ಯಾಸ ಅಗಾಧ. ಅಲ್ಲಿಂದ 3500 ಅಥವಾ 7000 ಎಂಬಿ ಓದುವ, ಎಸ್‌ಎಸ್‌ಡಿಯ ಹೆಚ್ಚು ವೇಗದ ಮಾದರಿಯಾದ ಎನ್‌ವಿಎಂಇಗೆ ಹೋದಾಗ ಆಟಗಳಲ್ಲಿ ಕಾಣುವ ವ್ಯತ್ಯಾಸ ಸಣ್ಣದು. ಹಳೆಯ ಬೋರ್ಡಿನ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ) ಎನ್‌ವಿಎಂಇಯನ್ನು ಒಪ್ಪುತ್ತದೆಯೋ ಸಾಟಾವನ್ನು ಮಾತ್ರವೋ ಎಂಬುದನ್ನು ಬೋರ್ಡಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡಬಹುದೇ?

ಮಾಡಬಾರದು. ಇಡೀ ಪಟ್ಟಿಯಲ್ಲಿ ಉಳಿತಾಯಕ್ಕೆ ಅವಕಾಶವೇ ಇಲ್ಲದ ಭಾಗವೆಂದರೆ ಎಲ್ಲಕ್ಕೂ ವಿದ್ಯುತ್ ಒದಗಿಸುವ ಈ ಡಬ್ಬ. ಕ್ಯಾಬಿನೆಟ್ಟಿನ ಜೊತೆ ಉಚಿತವಾಗಿ ಬರುವ, ಹೆಸರಿಲ್ಲದ ‘450 ವ್ಯಾಟ್’ ಡಬ್ಬಗಳಲ್ಲಿ ಬರೆದಷ್ಟು ಶಕ್ತಿ ಇರುವುದಿಲ್ಲ. ಹೊರೆ ಹೆಚ್ಚಿದಾಗ ಅವು ತಾವು ಸುಡುವುದಲ್ಲದೆ ಜೊತೆಗಿರುವ ಬೋರ್ಡನ್ನೋ ಕಾರ್ಡನ್ನೋ ಕರೆದುಕೊಂಡು ಹೋಗುವುದುಂಟು. ಆಟದ ನಡುವೆ ಕಂಪ್ಯೂಟರ್ ಯಾವ ಎಚ್ಚರಿಕೆಯೂ ಇಲ್ಲದೆ ಆರಿ ಮತ್ತೆ ಹೊತ್ತಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಲೆಕ್ಕ ಸರಳವಾಗಿದೆ. ಆರ್‌ಟಿಎಕ್ಸ್ 5060 ಕಾರ್ಡಿಗೆ 145 ವ್ಯಾಟ್, 5060 ಟಿಐಗೆ 180, 5070ಕ್ಕೆ 250 ವ್ಯಾಟ್ ನಿಗದಿಯಾಗಿದೆ. ಅದಕ್ಕೆ ಪ್ರೊಸೆಸರಿನ ನೂರರಿಂದ ನೂರೈವತ್ತು, ಉಳಿದೆಲ್ಲಕ್ಕೆ ಐವತ್ತು ವ್ಯಾಟ್ ಸೇರಿಸಿ, ಬಂದ ಮೊತ್ತದ ಒಂದೂವರೆ ಪಟ್ಟು ಹಿಡಿಯಿರಿ. ಕಾರ್ಡುಗಳು ಕ್ಷಣಮಾತ್ರ ತಮ್ಮ ಮಿತಿಯನ್ನು ಮೀರಿ ಎಳೆಯುವುದರಿಂದ ಈ ಅಂತರ ಬೇಕಾಗುತ್ತದೆ. ಹೆಚ್ಚಿನವರಿಗೆ ಒಳ್ಳೆಯ ಕಂಪನಿಯ 550ರಿಂದ 750 ವ್ಯಾಟ್ ಸಾಕು. 80 ಪ್ಲಸ್ ಎಂಬ ಮುದ್ರೆ ವಿದ್ಯುತ್ ಪರಿವರ್ತನೆಯ ದಕ್ಷತೆಯನ್ನು ಹೇಳುತ್ತದೆಯೇ ಹೊರತು ಒಳಗಿನ ಸುರಕ್ಷತಾ ವ್ಯವಸ್ಥೆಗಳನ್ನಲ್ಲ, ಆದ್ದರಿಂದ ವಾರಂಟಿ ಎಷ್ಟು ವರ್ಷವೆಂಬುದನ್ನೂ ನೋಡಿ. ಮಾಡ್ಯುಲರ್ (ಕೇಬಲ್ಲುಗಳನ್ನು ಬಿಡಿಸಬಹುದಾದ) ಎಸ್‌ಎಂಪಿಎಸ್ ಬದಲಿಸುವಾಗ ಹಳೆಯದರ ಕೇಬಲ್ಲುಗಳನ್ನು ಹೊಸದಕ್ಕೆ ಎಂದಿಗೂ ಚುಚ್ಚಬಾರದು: ತುದಿಗಳು ಹೊಂದಿಕೊಂಡರೂ ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದು, ಎಸ್‌ಎಸ್‌ಡಿಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಹೊಸ ಕಾರ್ಡುಗಳ 16 ಪಿನ್ ಕನೆಕ್ಟರನ್ನು ಕೊನೆಯವರೆಗೆ ಒತ್ತಿ ಕೂರಿಸಿ. ಅರ್ಧ ಕೂತ ಕನೆಕ್ಟರ್ ಕರಗಿದ ಪ್ರಕರಣಗಳು ಆರ್‌ಟಿಎಕ್ಸ್ 4090 ಬಂದ ಕಾಲದಿಂದಲೂ ವರದಿಯಾಗಿವೆ.

ಬೆಂಗಳೂರಿನಲ್ಲಿ ಕರೆಂಟ್ ಹೋಗುತ್ತಿರುತ್ತದೆ. ಯಾವ ಯುಪಿಎಸ್ ಕೊಳ್ಳಬೇಕು?

ಮುಂಗಾರುಪೂರ್ವದ ಒಂದು ಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಇಡೀ ಬಡಾವಣೆ ಕತ್ತಲಾಗುವ ಊರಿನಲ್ಲಿ ಇದು ಸಹಜವಾದ ಪ್ರಶ್ನೆ. ಕಚೇರಿ ಕೆಲಸಕ್ಕೆಂದು ಮಾರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಆಟ ನಡೆಯುತ್ತಿರುವಾಗ ಕರೆಂಟ್ ಹೋದರೆ ಅದು ಕಿರುಚಿ ತಾನೂ ಆರುತ್ತದೆ. 250 ವ್ಯಾಟ್ ವರ್ಗದ ಕಾರ್ಡ್ ಇರುವವರು ವಿಎ ಸಂಖ್ಯೆಯನ್ನು ಬಿಟ್ಟು ವ್ಯಾಟ್ ಸಂಖ್ಯೆಯನ್ನು ನೋಡಿ, 600 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನದನ್ನು ಕೊಳ್ಳಬೇಕು. ಅದು ಕೊಡುವ ಕೆಲವು ನಿಮಿಷಗಳು ಆಟವನ್ನು ಉಳಿಸಿ ಸರಿಯಾಗಿ ಆರಿಸಲಿಕ್ಕೆ, ಪಂದ್ಯ ಮುಗಿಸಲಿಕ್ಕಲ್ಲ.

ಮನೆಯ ಇನ್ವರ್ಟರ್ ಸೈನ್ ವೇವ್ ಮಾದರಿಯದಾಗಿದ್ದು, ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಟ್ಟಿದ್ದರೆ ಅದನ್ನೂ ಬಳಸಬಹುದು. ಸ್ಕ್ವೇರ್ ವೇವ್ ಇನ್ವರ್ಟರ್ ಬೇಡ. ಇದಕ್ಕಿಂತ ಮುಖ್ಯವಾಗಿ, ಹಳೆಯ ಬಾಡಿಗೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥಿಂಗ್ ತಂತಿಯನ್ನೇ ಎಳೆದಿರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ, ಬೇರೇನನ್ನೂ ಕೊಳ್ಳುವ ಮೊದಲು ಎಲೆಕ್ಟ್ರಿಶಿಯನ್ನನ್ನು ಕರೆಸಿ ಮಾಲೀಕರೊಂದಿಗೆ ಮಾತನಾಡಿ.

ಕಂಪನಿಗಳು ಬಿಟ್ಟ ಹಳೆಯ ಆಫೀಸ್ ಡೆಸ್ಕ್‌ಟಾಪ್ ಕೊಂಡು ಕಾರ್ಡ್ ಹಾಕಿದರೆ ಹೇಗೆ?

ಐಟಿ ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ಕಂಪ್ಯೂಟರುಗಳನ್ನು ಬದಲಿಸುವುದರಿಂದ ಇಂತಹ ಯಂತ್ರಗಳು ಈ ಊರಿನಲ್ಲಿ ಧಾರಾಳವಾಗಿ ಸಿಗುತ್ತವೆ, ಮತ್ತು ಕಡಿಮೆ ಹಣದಲ್ಲಿ ಆರಂಭಿಸುವ ವಿದ್ಯಾರ್ಥಿಗಳಿಗೆ ಇದು ಒಪ್ಪಬಹುದಾದ ದಾರಿ. ಅವುಗಳ ಎಸ್‌ಎಂಪಿಎಸ್ ಮತ್ತು ಬೋರ್ಡ್ ಆಯಾ ಕಂಪನಿಯ ಸ್ವಂತ ವಿನ್ಯಾಸದವಾಗಿದ್ದು ಹೊರಗಿನದು ಹೊಂದುವುದಿಲ್ಲ. ಕಾರ್ಡಿಗೆ ಬೇಕಾದ ಪವರ್ ಕೇಬಲ್ ಸಹ ಇರುವುದಿಲ್ಲ. ಸ್ಲಾಟ್ ತಾನಾಗಿ ಕೊಡಬಲ್ಲದ್ದು 75 ವ್ಯಾಟ್. ಆ ಮಿತಿಯೊಳಗೆ ನಡೆಯುವ ಕಾರ್ಡುಗಳಲ್ಲಿ 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿ ಉತ್ತಮ. ತೆಳುವಾದ ಕ್ಯಾಬಿನೆಟ್ ಆದರೆ ಅದರಲ್ಲೇ ಲೋ ಪ್ರೊಫೈಲ್ (ಕಡಿಮೆ ಎತ್ತರದ) ರೂಪವನ್ನು ಕೇಳಬೇಕು. ಟವರ್ ರೂಪದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಆರಿಸಿ.

ಬೆಂಗಳೂರಿನ ಹವಾಮಾನಕ್ಕೆ ಲಿಕ್ವಿಡ್ ಕೂಲರ್ ಬೇಕೇ?

ಬಹುತೇಕರಿಗೆ ಬೇಡ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇಕಡ ಎಂಟೊಂಬತ್ತರಷ್ಟು ವಿರಳವಾಗಿದ್ದು ಫ್ಯಾನುಗಳು ಅಷ್ಟರಮಟ್ಟಿಗೆ ಕಡಿಮೆ ಶಾಖವನ್ನು ಒಯ್ಯುತ್ತವೆ. ಆದರೆ ವರ್ಷದ ಬಹುಪಾಲು ಕೋಣೆಯ ತಾಪಮಾನ ಮಿತವಾಗಿರುವುದರಿಂದ ಆ ಕೊರತೆ ತುಂಬಿಹೋಗುತ್ತದೆ. ಮಾರ್ಚಿನಿಂದ ಮೇ ತಿಂಗಳವರೆಗೆ ಎಚ್ಚರ ವಹಿಸಿದರೆ ಸಾಕು. ಎಂಟು ಕೋರಿನವರೆಗಿನ ರೈಜನ್ ಪ್ರೊಸೆಸರುಗಳಿಗೆ ಶಾಖ ಒಯ್ಯುವ ನಾಲ್ಕು ಹೀಟ್‌ಪೈಪ್‌ಗಳ ಒಂದು ಟವರ್ ಏರ್ ಕೂಲರ್ ಸಾಕಾಗುತ್ತದೆ. ಅದರಲ್ಲಿ ಕೆಡುವುದು ಫ್ಯಾನ್ ಮಾತ್ರ, ಅದನ್ನು ಸುಲಭವಾಗಿ ಬದಲಿಸಬಹುದು.

ಇಲ್ಲಿನ ನಿಜವಾದ ಶತ್ರು ದೂಳು. ಪಕ್ಕದಲ್ಲಿ ಕಟ್ಟಡವೋ ಮೆಟ್ರೊ ಕಾಮಗಾರಿಯೋ ನಡೆಯುತ್ತಿದ್ದರೆ ಎರಡು ತಿಂಗಳಲ್ಲೇ ಫಿಲ್ಟರ್ ಮುಚ್ಚಿಹೋಗುತ್ತದೆ. ಮುಂಭಾಗ ಜಾಲರಿಯಿರುವ, ತೆಗೆದು ತೊಳೆಯಬಹುದಾದ ಫಿಲ್ಟರಿನ ಕ್ಯಾಬಿನೆಟ್ ಆರಿಸಿ, ಅದನ್ನು ನೆಲದಿಂದ ಎತ್ತರಿಸಿ ಇಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ತಡೆಯಬೇಕು.

ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದೋ, ಆನ್‌ಲೈನಿನಲ್ಲೋ?

ಎರಡರ ಬೆಲೆಯನ್ನೂ ನೋಡಿ ಹೊರಡಿ. ಆನ್‌ಲೈನ್ ದರವನ್ನು ಮೊಬೈಲಿನಲ್ಲಿ ತೋರಿಸಿದರೆ ಸದರ ಪತ್ರಪ್ಪ (ಎಸ್.ಪಿ.) ರಸ್ತೆಯ ಅಂಗಡಿಗಳಲ್ಲಿ ಚೌಕಾಸಿಗೆ ಜಾಗ ಸಿಗುತ್ತದೆ, ಅದರಲ್ಲೂ ಇಡೀ ಪಟ್ಟಿಯನ್ನು ಒಂದೇ ಕಡೆ ಕೊಳ್ಳುವುದಾದರೆ. ಮೂರು ಅಂಗಡಿಗಳಿಂದ ಬಿಡಿಬಿಡಿಯಾಗಿ, ಮಾದರಿ ಸಂಖ್ಯೆಯ ಸಮೇತ ಕೊಟೇಶನ್ ಬರೆಸಿಕೊಳ್ಳಿ. ‘16 ಜಿಬಿ ರ‍್ಯಾಮ್, 650 ವ್ಯಾಟ್ ಎಸ್‌ಎಂಪಿಎಸ್’ ಎಂದಷ್ಟೇ ಬರೆದ ಕಾಗದಕ್ಕೆ ಬೆಲೆಯಿಲ್ಲ. ಅಂಗಡಿಗಳು ಬಹುಪಾಲು ಭಾನುವಾರ ಮುಚ್ಚಿರುತ್ತವೆ. ಗಾಡಿ ನಿಲ್ಲಿಸಲು ಜಾಗ ಹುಡುಕುವ ಕಷ್ಟ ಬೇಡವೆಂದರೆ ಹಸಿರು ಮಾರ್ಗದ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯಬಹುದು.

‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡಿಕೊಡ್ತೀವಿ’ ಎಂಬ ಮಾತಿಗೆ ಒಪ್ಪಬೇಡಿ. ಶೇಕಡ 18ರ ಜಿಎಸ್‌ಟಿ ಉಳಿಯಿತೆಂದು ಅನಿಸಿದರೂ, ಮೂರು ವರ್ಷದ ವಾರಂಟಿಯ ಕಾರ್ಡ್ ಎರಡನೆಯ ವರ್ಷ ಕೆಟ್ಟಾಗ ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳುವುದು ಬಿಲ್ಲನ್ನೇ. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಇರಲಿ, ಅದು ಡಬ್ಬದ ಮೇಲಿನದಕ್ಕೂ ಕಾರ್ಡಿನ ಮೇಲಿನದಕ್ಕೂ ತಾಳೆಯಾಗಲಿ. ಡಬ್ಬವಿಲ್ಲದ ಟ್ರೇ ಪ್ರೊಸೆಸರುಗಳಿಗೆ ತಯಾರಕರ ವಾರಂಟಿ ಸಾಮಾನ್ಯವಾಗಿ ನೇರವಾಗಿ ಸಿಗುವುದಿಲ್ಲ. ಅಂಗಡಿಯವರು ಎಷ್ಟು ಕಾಲದ ಹೊಣೆ ಹೊರುತ್ತಾರೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದು ಸುರಕ್ಷಿತವೇ?

ಓಡಿಸಿ ನೋಡಲು ಬಿಟ್ಟರೆ ಸುರಕ್ಷಿತ, ಇಲ್ಲದಿದ್ದರೆ ಅಲ್ಲ. ಮಾರುವವರ ಮನೆಯಲ್ಲೇ ಒಂದು ಭಾರವಾದ ಆಟವನ್ನು ಇಪ್ಪತ್ತು ಮೂವತ್ತು ನಿಮಿಷ ಓಡಿಸಿ, ತಾಪಮಾನ, ಫ್ಯಾನಿನ ಸದ್ದು, ಪರದೆಯ ಮೇಲೆ ಮಿನುಗುವ ಚುಕ್ಕೆಗಳನ್ನು ಗಮನಿಸಿ. ಎಲ್ಲ ಪೋರ್ಟುಗಳಿಗೂ ಕೇಬಲ್ ಚುಚ್ಚಿ ನೋಡಿ. ಕ್ರಿಪ್ಟೊ ಮೈನಿಂಗಿಗೆ (ಡಿಜಿಟಲ್ ಹಣ ಗಳಿಸಲು ಹಗಲಿರುಳು ನಡೆಸುವ ಲೆಕ್ಕಾಚಾರಕ್ಕೆ) ಬಳಸಿದ ಕಾರ್ಡ್ ಎಂಬ ಭಯ ಮೊದಲಿನಷ್ಟು ಪ್ರಸ್ತುತವಲ್ಲ, ಏಕೆಂದರೆ ಎಥಿರಿಯಂ ಎಂಬ ಕ್ರಿಪ್ಟೊ ಜಾಲ 2022ರ ಸೆಪ್ಟೆಂಬರ್ 15ರಂದು ಮೈನಿಂಗನ್ನೇ ಕೈಬಿಟ್ಟಿತು. ಆದರೆ ಆರ್‌ಟಿಎಕ್ಸ್ 30 ಮತ್ತು ಆರ್‌ಎಕ್ಸ್ 6000 ಸರಣಿಯ ಕಾರ್ಡುಗಳಲ್ಲಿ ಆ ಕಾಲದವು ಇನ್ನೂ ಕೈ ಬದಲಾಗುತ್ತಿರುವುದರಿಂದ ಫ್ಯಾನ್ ಮತ್ತು ಥರ್ಮಲ್ ಪ್ಯಾಡುಗಳ ಸ್ಥಿತಿಯನ್ನು ಕೇಳಿ ತಿಳಿಯಿರಿ.

ವಿಂಡೋಸ್ 10ರಲ್ಲೇ ಇದ್ದರೆ ತೊಂದರೆಯೇ?

ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಬೋರ್ಡಿನ ಭದ್ರತಾ ಸೌಲಭ್ಯಗಳು ಬೇಕು. ವ್ಯಾಲರಂಟ್, ಬ್ಯಾಟಲ್‌ಫೀಲ್ಡ್ 6ರಂತಹ ಆಟಗಳೂ ಮೋಸತಡೆಗಾಗಿ ಇವುಗಳನ್ನು ಕೇಳುತ್ತವೆ. 2018ರ ನಂತರದ ಬಹುತೇಕ ಬೋರ್ಡುಗಳಲ್ಲಿ ಈ ಸೌಲಭ್ಯಗಳಿದ್ದರೂ ಬಯೋಸ್‌ನಲ್ಲಿ ಆಫ್ ಆಗಿರುತ್ತವೆ. ಆದ್ದರಿಂದ ಹೊಸ ಬೋರ್ಡ್ ಕೊಳ್ಳುವ ಮೊದಲು ಅಲ್ಲಿ ಹುಡುಕಿ.

ಕರೆಂಟ್ ಬಿಲ್ ಎಷ್ಟು ಹೆಚ್ಚಾಗುತ್ತದೆ?

ಮಾನಿಟರ್ ಸೇರಿ 400 ವ್ಯಾಟ್ ಎಳೆಯುವ ಕಂಪ್ಯೂಟರಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 48 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ ಇದು ಬರೀ 48 ಯೂನಿಟ್ಟಿನ ಮಾತಲ್ಲ, ಏಕೆಂದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಈಗಾಗಲೇ 160ರ ಆಸುಪಾಸಿನಲ್ಲಿರುವ ಮನೆಯಲ್ಲಿ ಹೊಸ ಕಾರ್ಡ್ ಬಂದ ತಿಂಗಳೇ ಮನೆಯವರ ಕಣ್ಣು ಕಂಪ್ಯೂಟರಿನ ಮೇಲೆ ಬೀಳುವುದು ಖಂಡಿತ. ಫ್ರೇಮ್ ಸಂಖ್ಯೆಯನ್ನು ಮಾನಿಟರಿನ ಹರ್ಟ್ಸ್‌ಗೆ ಮಿತಿಗೊಳಿಸಿ, ಆಫ್ಟರ್‌ಬರ್ನರಿನಲ್ಲಿ ಕಾರ್ಡಿನ ಪವರ್ ಲಿಮಿಟನ್ನು ಶೇಕಡ 80ಕ್ಕೆ ಇಳಿಸಿದರೆ, ವೇಗದಲ್ಲಿ ಅಲ್ಪವನ್ನು ಕಳೆದುಕೊಂಡು ವಿದ್ಯುತ್ತಿನಲ್ಲಿ ಗಣನೀಯವಾಗಿ ಉಳಿಸಬಹುದು.

ಗೇಮಿಂಗ್ ಲ್ಯಾಪ್‌ಟಾಪಿಗೂ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದೇ?

ಸಾಮಾನ್ಯವಾಗಿ ಸಾಧ್ಯವಿಲ್ಲ. ಬಹುತೇಕ ಮಾದರಿಗಳಲ್ಲಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಮಾತ್ರ ಬದಲಿಸಬಹುದು.

ತೆಗೆದ ಹಳೆಯ ಭಾಗಗಳನ್ನು ಏನು ಮಾಡಬೇಕು?

ಕೆಲಸ ಮಾಡುವ ಕಾರ್ಡ್, ಪ್ರೊಸೆಸರ್ ಮತ್ತು ರ‍್ಯಾಮನ್ನು ಬೇಗ ಮಾರಿದಷ್ಟೂ ಹೆಚ್ಚು ಹಣ ಬರುತ್ತದೆ. ಹೊಸ ಸರಣಿಯ ಘೋಷಣೆಯಾದ ಮರುದಿನವೇ ಹಳೆಯದರ ಬೆಲೆ ಇಳಿಯತೊಡಗುತ್ತದೆ. ಡಿಡಿಆರ್4 ಕಡ್ಡಿಗಳಿಗೆ ಈಗಿನ ಸ್ಥಿತಿಯಲ್ಲಿ ನೀವು ಊಹಿಸಿದ್ದಕ್ಕಿಂತ ಒಳ್ಳೆಯ ಬೆಲೆ ಬರಬಹುದು. ಎಸ್‌ಎಸ್‌ಡಿಯನ್ನು ಬೇರೆಯವರಿಗೆ ಕೊಡುವ ಮೊದಲು ಬಯೋಸ್‌ನ ಅಥವಾ ತಯಾರಕರ ತಂತ್ರಾಂಶದ ಸೆಕ್ಯೂರ್ ಇರೇಸ್ ಬಳಸಿ ಅಳಿಸಿ. ಕೆಟ್ಟ ಬೋರ್ಡು, ಕೇಬಲ್ಲುಗಳನ್ನು ಗುಜರಿಯವರಿಗೆ ಹಾಕಿದರೆ ಅವು ತಾಮ್ರಕ್ಕಾಗಿ ಬಯಲಿನಲ್ಲಿ ಸುಡುವವರ ಕೈಸೇರುವ ಸಾಧ್ಯತೆಯಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತಿ ಪಡೆದ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಿಗೇ ಅವನ್ನು ತಲುಪಿಸಬೇಕು. ಹೆಸರಿಲ್ಲದ ಹಳೆಯ ಎಸ್‌ಎಂಪಿಎಸ್ ಇನ್ನೂ ಓಡುತ್ತಿದೆಯೆಂದು ಅದನ್ನು ಮತ್ತೊಬ್ಬರಿಗೆ ಮಾರಬೇಡಿ. ಅದೂ ಇ-ತ್ಯಾಜ್ಯದ ಚೀಲಕ್ಕೇ ಹೋಗಲಿ.